ಎಚ್‌ಆರ್‌ವಿ ಅಳೆಯುವುದು ಹೇಗೆ, ಓದುವುದು ಹೇಗೆ?

ಮೊದಲು ಒಂದು ಕೆಲಸ ಮಾಡಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದುಕೊಳ್ಳಿ. ಬಡಿತಗಳು ಹತ್ತಿರ ಹತ್ತಿರ ಬರುತ್ತವೆ. ಈಗ ಇನ್ನೂ ನಿಧಾನವಾಗಿ ಉಸಿರು ಬಿಡಿ. ಬಡಿತಗಳ ನಡುವೆ ಬಿಡುವು ಹೆಚ್ಚುತ್ತದೆ. ಎಲ್ಲರ ಬೆರಳಿಗೂ ಇದು ಸಿಗುವುದಿಲ್ಲ, ಚಿಕ್ಕ ವಯಸ್ಸಿನವರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರದ ಈ ಏರಿಳಿತವೇ ಎಚ್‌ಆರ್‌ವಿ, ಅಂದರೆ ಹಾರ್ಟ್ ರೇಟ್ ವೇರಿಯಬಿಲಿಟಿ.

ನಿಮಿಷಕ್ಕೆ 60 ಬಡಿತ ಅಂದರೆ ಸರಿಯಾಗಿ ಸೆಕೆಂಡಿಗೊಂದು ಅಂದುಕೊಳ್ಳುತ್ತೇವೆ, ಅಲ್ವಾ? ಆರೋಗ್ಯವಾಗಿರುವ ಹೃದಯ ಹಾಗೆ ಗಡಿಯಾರದಂತೆ ಬಡಿಯುವುದಿಲ್ಲ. ಅದನ್ನು ಓಡಿಸುವ ನರಗಳು ಒಂದು ಕಡೆ, ಹಿಡಿದು ನಿಧಾನಿಸುವ ವೇಗಸ್ ನರ ಇನ್ನೊಂದು ಕಡೆ. ವೇಗಸ್ ಚುರುಕಾಗಿದ್ದರೆ ಪ್ರತಿ ಉಸಿರಿಗೂ ಅಂತರ ಬದಲಾಗುತ್ತದೆ. ಒತ್ತಡ, ನಿದ್ದೆಗೇಡು, ಜ್ವರ, ಮದ್ಯ ಈ ಏರಿಳಿತವನ್ನು ತಗ್ಗಿಸುತ್ತವೆ. ವಯಸ್ಸಾದಂತೆಯೂ ಅದು ಇಳಿಯುತ್ತದೆ.

ಅಳೆಯಲು ಬೆಳಿಗ್ಗೆಯೇ ಒಳ್ಳೆಯ ಹೊತ್ತು. ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಕಾಫಿ, ಸಿಗರೇಟು, ಫೋನ್ ಯಾವುದೂ ಬೇಡ. ಮಲಗಿ ಅಳೆದರೆ ದಿನಾ ಮಲಗಿಯೇ ಅಳೆಯಿರಿ, ಕೂತರೆ ದಿನಾ ಕೂತೇ. ಒಂದೆರಡು ನಿಮಿಷ ಸುಮ್ನೆ ಇದ್ದು, ಆಮೇಲೆ 5 ನಿಮಿಷ ದಾಖಲಿಸಿ. ಮಾತಾಡಬೇಡಿ. ಉಸಿರು ಅದರ ಪಾಡಿಗೆ ಇರಲಿ. ಬೇಕೆಂದೇ ನಿಮಿಷಕ್ಕೆ ಆರು ಸಲದಂತೆ ನಿಧಾನವಾಗಿ ಉಸಿರಾಡಿದರೆ ಅಂಕಿ ಮೇಲೇರುತ್ತದೆ, ಆದರೆ ಅದು ನಿಮ್ಮ ಎಂದಿನ ಅಂಕಿಯಲ್ಲ. ಎದೆಗೆ ಕಟ್ಟುವ ಬೆಲ್ಟ್ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ನಾನು ಅದನ್ನೇ ಹೆಚ್ಚು ನಂಬುತ್ತೇನೆ. ವಾಚ್ ಬೆಳಕು ಬಿಟ್ಟು ರಕ್ತದ ಹರಿವು ನೋಡುತ್ತದೆ. ಕೈ ಅಲುಗಾಡಿದರೆ ಲೆಕ್ಕ ಕೆಡುತ್ತದೆ.

ಆ ಅಂಕಿ ಎಲ್ಲಿಂದ ಬಂತು? ನಾಲ್ಕು ಅಂತರ ತೆಗೆದುಕೊಳ್ಳಿ: 980, 1010, 960, 1000 ಮಿಲಿಸೆಕೆಂಡ್. ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ 30, 50, 40. ಇವುಗಳ ವರ್ಗ 900, 2500, 1600. ಸರಾಸರಿ ಸುಮಾರು 1667, ಅದರ ವರ್ಗಮೂಲ ಸುಮಾರು 41. ಇದನ್ನು ಆರ್‌ಎಂಎಸ್‌ಎಸ್‌ಡಿ ಎನ್ನುತ್ತಾರೆ. ಎಷ್ಟೋ ಆ್ಯಪ್‌ಗಳು ತೋರಿಸುವುದು ಇದನ್ನೇ.

ಆಸ್ಪತ್ರೆಯ ಲೆಕ್ಕ ಬೇರೆ ಇರಬಹುದು. 1987ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಹೃದಯಾಘಾತವಾಗಿದ್ದ 808 ಜನರ ಇಸಿಜಿಯನ್ನು 24 ಗಂಟೆ ದಾಖಲಿಸಿದ್ದರು. ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100ಕ್ಕಿಂತ ಜಾಸ್ತಿ ಇದ್ದವರಿಗಿಂತ 5.3 ಪಟ್ಟು ಹೆಚ್ಚಿತ್ತು. ಇದನ್ನು ಓದಿ, ವಾಚಿನಲ್ಲಿ 41 ನೋಡಿ ಗಾಬರಿಯಾಗಬೇಡಿ. ಅಲ್ಲಿ ಅಳೆದದ್ದು ಎಸ್‌ಡಿಎನ್‌ಎನ್, ಅಂದರೆ ಅಂತರಗಳೆಲ್ಲ ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ, ಅದೂ ಇಡೀ ದಿನದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಪಕ್ಕದವರ ಅಂಕಿಯೂ ಬೇಡ. ಎರಡು ಮೂರು ವಾರ ಬರೆದಿಡಿ, ಆಮೇಲೆ ಏಳು ದಿನದ ಸರಾಸರಿ ನೋಡಿ. ಒಂದು ದಿನ ಬಿದ್ದರೆ ಹಿಂದಿನ ರಾತ್ರಿಯ ನಿದ್ದೆ ನೆನಪಿಸಿಕೊಳ್ಳಿ, ಸಾಕು. ವಾರಗಟ್ಟಲೆ ಕೆಳಗೇ ಉಳಿದರೆ ಆ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಅದೊಂದು ಸುಳಿವು, ಯಾವ ಕಾಯಿಲೆ ಎಂದು ಅದು ಹೇಳುವುದಿಲ್ಲ.

ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನೂ ನಂಬಬೇಡಿ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಕಾಯಿಲೆ) ಇದ್ದಾಗ ಬಡಿತ ಅಡ್ಡಾದಿಡ್ಡಿಯಾಗಿ, ಅಂಕಿ ಗಗನಕ್ಕೇರುತ್ತದೆ. ಅದು ಆರೋಗ್ಯವಲ್ಲ. ಅಂಕಿ ಇದ್ದಕ್ಕಿದ್ದಂತೆ ಏರಿದ್ದು, ನಾಡಿಯೂ ತಾಳ ತಪ್ಪಿದ್ದರೆ ಇಸಿಜಿ ಮಾಡಿಸಿ. ಪೇಸ್‌ಮೇಕರ್ ಇರುವವರಿಗೂ ಈ ಲೆಕ್ಕ ಹೊಂದುವುದಿಲ್ಲ. ಹೃದಯ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಅಂಕಿ ಬದಲಾಗುತ್ತದೆ, ಅದಕ್ಕಾಗಿ ಮಾತ್ರೆ ಮಾತ್ರ ಬಿಡಬೇಡಿ. ಎದೆನೋವು, ಏದುಸಿರು, ತಲೆಸುತ್ತಿ ಬೀಳುವಂತಾಗುವುದು ಕಂಡರೆ ವಾಚ್ ನೋಡುತ್ತಾ ಕೂರಬೇಡಿ. ಅಂಕಿ ಎಷ್ಟೇ ಚೆನ್ನಾಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ.