ಅಡಿಕೆ ಲೆಕ್ಕದ ಪುಟಕ್ಕೆ ಜಾವಾಸ್ಕ್ರಿಪ್ಟ್ ಜೋಡಿಸುವ ಬಗೆ

ಶಿರಸಿಯಲ್ಲಿ ಕೂತು ನಾನು ಮಾಡುವ ವೆಬ್ ಪುಟಗಳು ಹೆಚ್ಚಾಗಿ ಎರಡೇ ನಮೂನೆ: ಹೋಂಸ್ಟೇಗಳದ್ದು, ಅಡಿಕೆ ವ್ಯಾಪಾರದ್ದು. ಅಡಿಕೆ ಪುಟವನ್ನೇ ತಗೊಳ್ಳಿ. ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಒಂದೊಂದು ಬಗೆಗೂ ಟ್ಯಾಬ್‌ಗಳು. ಕೆಳಗೆ ತೂಕ, ದರ ಹಾಕಿದರೆ ದುಡ್ಡು ತೋರಿಸುವ ಲೆಕ್ಕದ ಡಬ್ಬಿ. ಪಕ್ಕದಲ್ಲಿ ಫೋಟೋ ಸ್ಲೈಡರ್. ಇಷ್ಟನ್ನೂ ನಡೆಸುವ ಜಾವಾಸ್ಕ್ರಿಪ್ಟ್ ಕೋಡನ್ನು ಒಂದೇ ಫೈಲಿಗೆ ತುಂಬಿದರೆ ಮುಂದಿನ ಹಂಗಾಮಿಗೆ ಅದನ್ನು ಮುಟ್ಟಲು ನಮಗೇ ಹೆದರಿಕೆ.

ಕೋಡನ್ನು ಪುಟದ ತುಂಡಿಗೆ ಸರಿಯಾಗಿ ಒಡೆಯಿರಿ. ಟ್ಯಾಬಿಗೊಂದು ಫೈಲು, ಲೆಕ್ಕಕ್ಕೊಂದು, ಸ್ಲೈಡರಿಗೊಂದು. ಕ್ಲಿಕ್‌ಗಳೆಲ್ಲ ಒಂದು ಕಡೆ, ಅನಿಮೇಷನ್ ಎಲ್ಲ ಇನ್ನೊಂದು ಕಡೆ ಅಂತ ಕೆಲವರು ವಿಂಗಡಿಸುತ್ತಾರೆ. ನನಗೆ ಅದು ಒಗ್ಗಲ್ಲ. ಟ್ಯಾಬ್ ಕೆಟ್ಟ ದಿನ ಮೂರು ಫೈಲು ತಡಕಾಡಬೇಕು, ಅಲ್ವಾ?

ಪ್ರತಿ ಫೈಲಿನಿಂದ ಒಂದೇ ಫಂಕ್ಷನ್ ಎಕ್ಸ್‌ಪೋರ್ಟ್ ಆಗಲಿ, ಅಂದರೆ ಬೇರೆ ಫೈಲುಗಳಿಗೆ ಸಿಗುವುದು ಅದೊಂದೇ. ಅದಕ್ಕೆ ಆ ತುಂಡಿನ ಹೊರಗಿನ ಡಿವ್ (ತುಂಡನ್ನು ಸುತ್ತುವರಿದ ಎಚ್‌ಟಿಎಂಎಲ್ ಪೆಟ್ಟಿಗೆ) ಕೊಡಿ. ಒಳಗೆ ಏನು ಹುಡುಕುವುದಿದ್ದರೂ ಆ ಡಿವ್‌ನೊಳಗೇ ಹುಡುಕಲಿ, ಇಡೀ ಡಾಕ್ಯುಮೆಂಟಿನಲ್ಲಿ ಬೇಡ. ಆಗ ಒಂದೇ ಪುಟದಲ್ಲಿ ಎರಡು ಲೆಕ್ಕದ ಡಬ್ಬಿ ಇಟ್ಟರೂ ಜಗಳ ಇಲ್ಲ. ಹುಡುಕಲು ಅಂದಚಂದಕ್ಕೆ ಹಾಕುವ ಕ್ಲಾಸ್ ಹೆಸರು ಬಳಸಬೇಡಿ, ಡೇಟಾ ಆಟ್ರಿಬ್ಯೂಟ್ (ಟ್ಯಾಗಿಗೆ ನಾವೇ data- ಅಂತ ಹಚ್ಚುವ ಗುರುತು) ಬಳಸಿ. ಡಿಸೈನ್ ಮಾಡುವವರು ಕ್ಲಾಸ್ ಬದಲಿಸಿದರೂ ನಿಮ್ಮ ಕೋಡು ಅಲ್ಲಾಡುವುದಿಲ್ಲ.

ಟ್ಯಾಬಿನ ಒಂದೊಂದು ಬಟನ್ನಿಗೂ ಲಿಸನರ್ (ಕ್ಲಿಕ್ಕಿಗೆ ಕಾದು ಕೂರುವ ಫಂಕ್ಷನ್) ಕಟ್ಟುತ್ತಾ ಕೂರಬೇಡಿ. ಹೊರಗಿನ ಡಿವ್‌ಗೆ ಒಂದೇ ಕಟ್ಟಿ, ಕ್ಲಿಕ್ ಮೇಲೇರಿ ಅಲ್ಲಿಗೇ ಬರುತ್ತದೆ. ನಾಳೆ ಬಿಳೆಗೋಟು ಅಂತ ಹೊಸ ಬಟನ್ ಸೇರಿಸಿದರೂ ಕೋಡು ಮುಟ್ಟಬೇಕಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಬಟನ್ನಿನೊಳಗೆ ಚಿಕ್ಕ ಐಕಾನ್ ಇದ್ದು ಬೆರಳು ಅದರ ಮೇಲೆ ಬಿದ್ದರೆ, ಇವೆಂಟಿನ ಟಾರ್ಗೆಟ್ (ಕ್ಲಿಕ್ ಬಿದ್ದ ಜಾಗ) ಐಕಾನೇ ಆಗಿರುತ್ತದೆ, ಬಟನ್ ಅಲ್ಲ. ಹಾಗಾಗಿ ಟಾರ್ಗೆಟನ್ನು ನೇರ ನಂಬದೆ ಅದರ ಮೇಲೆ ಕ್ಲೋಸೆಸ್ಟ್ ಕರೆದು ಬಟನ್ ಹಿಡಿಯಿರಿ; ಅದು ಅಲ್ಲಿಂದ ಹೊರಮುಖವಾಗಿ ಹುಡುಕುತ್ತಾ ಹೋಗುತ್ತದೆ. ನಲ್ ಬಂದರೆ, ಅಂದರೆ ಬಟನ್ ಸಿಗದಿದ್ದರೆ, ಸುಮ್ನೆ ವಾಪಸ್.

ಲೆಕ್ಕದ ಡಬ್ಬಿಯಲ್ಲಿ ತೂಕ, ದರ ಎರಡನ್ನೂ ಒಂದು ಆಬ್ಜೆಕ್ಟಿನಲ್ಲಿ ಇಡಿ. ಇನ್‌ಪುಟ್ ಬದಲಾದರೆ ಮೊದಲು ಆಬ್ಜೆಕ್ಟ್ ಬದಲಿಸಿ, ಆಮೇಲೆ ಪರದೆ ತಿದ್ದುವ ಒಂದೇ ಫಂಕ್ಷನ್ ಕರೆಯಿರಿ. ಪರದೆಯ ಮೇಲಿನ ಅಂಕಿಯನ್ನೇ ಓದಿ ಮತ್ತೆ ಲೆಕ್ಕ ಹಾಕುವ ಚಾಳಿ ಬೇಡ. ಇನ್‌ಪುಟ್ ಕೊಡುವುದು ಅಕ್ಷರಮಾಲೆ, ಸಂಖ್ಯೆಯಲ್ಲ: 45 ಕೆಜಿಯ ಒಂದು ಚೀಲಕ್ಕೆ 5 ಕೆಜಿ ಕೂಡಿಸಿದರೆ 455 ಬರುತ್ತದೆ! ಒಳಗೆ ಬರುವಾಗಲೇ ನಂಬರ್ ಮಾಡಿಕೊಳ್ಳಿ. ದರ ಕ್ವಿಂಟಲಿಗೆ, ತೂಕ ಕೆಜಿಯಲ್ಲಿ. 100ರಿಂದ ಭಾಗಿಸುವುದು ಈ ಫೈಲಿನಲ್ಲಿ ಒಂದೇ ಕಡೆ ಇರಲಿ.

ಪ್ರಶ್ನೆ ಒತ್ತಿದರೆ ಉತ್ತರ ಬಿಚ್ಚಿಕೊಳ್ಳುವಷ್ಟೇ ಬೇಕಿದ್ದರೆ ಜಾವಾಸ್ಕ್ರಿಪ್ಟೇ ಬೇಡ. ಎಚ್‌ಟಿಎಂಎಲ್‌ನ ಡೀಟೇಲ್ಸ್ ಟ್ಯಾಗ್ ಸಾಕು.

ಕೊನೆಗೆ ಒಂದು ಮುಖ್ಯ ಫೈಲು. ಯಾವ ತುಂಡು ಪುಟದಲ್ಲಿದೆ ನೋಡಿ ಅದರ ಫಂಕ್ಷನ್ ಕರೆಯುವುದಷ್ಟೇ ಅದರ ಕೆಲಸ. ಸ್ಲೈಡರ್ ಇಲ್ಲದ ಪುಟದಲ್ಲಿ ಸ್ಲೈಡರ್ ಫೈಲು ಇಳಿಯದಂತೆ ಡೈನಾಮಿಕ್ ಇಂಪೋರ್ಟ್ (ಬೇಕಾದಾಗ ಮಾತ್ರ ಫೈಲು ತರಿಸುವ ಬಗೆ) ಬಳಸಿ. ಮಳೆಗಾಲದಲ್ಲಿ ತೋಟದ ಮನೆಯಿಂದ ನೋಡುವವರಿಗೆ ಅಷ್ಟಾದರೂ ಡೇಟಾ ಉಳಿಯಲಿ. ಸ್ಕ್ರಿಪ್ಟ್ ಟ್ಯಾಗಿನ ಟೈಪ್ ಮಾಡ್ಯೂಲ್ ಎಂದಿರಬೇಕು. ಆಗ ಎಚ್‌ಟಿಎಂಎಲ್ ಓದಿ ಮುಗಿದ ಮೇಲೇ ಅದು ಓಡುತ್ತದೆ, ಅದಕ್ಕೆಂದು ಬೇರೆ ಡಿಫರ್ ಆಟ್ರಿಬ್ಯೂಟ್ ಬೇಕಿಲ್ಲ. ಆದರೆ ಪುಟವನ್ನು ಫೋಲ್ಡರಿನಿಂದ ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಮಾಡ್ಯೂಲನ್ನು ತಡೆಯುತ್ತದೆ. ಪೈಥಾನ್ ಇದ್ದರೆ ಅದರ ಚಿಕ್ಕ ಸರ್ವರ್ ಹಚ್ಚಿ ಲೋಕಲ್‌ಹೋಸ್ಟ್‌ನಲ್ಲಿ (ನಿಮ್ಮ ಕಂಪ್ಯೂಟರಿನದೇ ವಿಳಾಸ) ನೋಡಿ.