ಇಂಜೆಕ್ಷನ್ ಮೌಲ್ಡಿಂಗ್ ಶೆಡ್ಯೂಲ್‌ಗೆ ಜೆನೆಟಿಕ್ ಅಲ್ಗಾರಿದಮ್ ಬಳಸುವುದು ಹೇಗೆ

ಕರಗಿಸಿದ ಪ್ಲಾಸ್ಟಿಕ್ಕನ್ನು ಮೌಲ್ಡ್‌ಗೆ, ಅಂದರೆ ಅಚ್ಚಿಗೆ, ಒತ್ತಿ ಪೀಸ್ ಮಾಡುವುದು ಇಂಜೆಕ್ಷನ್ ಮೌಲ್ಡಿಂಗ್. ಹಲವು ಶೆಡ್ಯೂಲ್‌ಗಳ ಗುಂಪಿನಿಂದ ಶುರುಮಾಡಿ, ಒಳ್ಳೆಯವನ್ನು ಆರಿಸಿ, ಬೆರೆಸಿ, ಸ್ವಲ್ಪ ಬದಲಿಸಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುತ್ತ ಹೋಗುವುದು ಜೆನೆಟಿಕ್ ಅಲ್ಗಾರಿದಮ್. ಆದರೆ ಮೊದಲು ಕೋಡ್ ಬೇಡ, ಒಂದು ಕೋಷ್ಟಕ ಬೇಕು. ಸಾಲುಗಳಲ್ಲಿ ಮಷೀನ್‌ನಲ್ಲಿ ಈಗ ಓಡುತ್ತಿರುವ ಬಣ್ಣ, ಕಾಲಂಗಳಲ್ಲಿ ಮುಂದೆ ಬರಬೇಕಾದ ಬಣ್ಣ, ಒಂದೊಂದು ಮನೆಯಲ್ಲೂ ಬದಲಾವಣೆಗೆ ಹಿಡಿಯುವ ನಿಮಿಷ. ನಾನು ಪ್ಲಾನಿಂಗ್ ನೋಡಿಕೊಳ್ಳುವ ಪ್ಲಾಸ್ಟಿಕ್ ವಿಭಾಗದಲ್ಲಿ ಬಿಳಿಯಿಂದ ಕಪ್ಪಿಗೆ ಹೋಗಲು 20 ನಿಮಿಷ ಸಾಕು. ಕಪ್ಪಿನಿಂದ ಬಿಳಿಗೆ ಬರಲು 90 ನಿಮಿಷ ಬೇಕು. ಪ್ಲಾಸ್ಟಿಕ್ ಕರಗುವ ಬ್ಯಾರೆಲ್‌ನಲ್ಲಿ ಚೂರು ಕಪ್ಪು ಉಳಿದರೂ ಬಿಳಿ ಪೀಸಿನ ಮೇಲೆ ಗೆರೆಯಾಗಿ ಕಾಣುತ್ತದೆ. ಈ ನಿಮಿಷಗಳನ್ನು ಇಆರ್‌ಪಿಯಿಂದ (ಕಂಪನಿಯ ಲೆಕ್ಕ-ದಾಖಲೆಗಳ ಸಾಫ್ಟ್‌ವೇರ್) ಎತ್ತಿಕೊಳ್ಳಬೇಡಿ, ಅಲ್ಲಿ ಬಹಳ ಸಲ ಎಲ್ಲ ಸೆಟಪ್‌ಗೂ (ಇಂಥ ಬದಲಾವಣೆಗೂ) ಒಂದೇ ಸರಾಸರಿ ಹಾಕಿರುತ್ತಾರೆ. ಸೆಟಪ್ ಮಾಡುವವರ ಪಕ್ಕ ನಿಂತು, ಗಡಿಯಾರ ನೋಡಿ ಬರೆದುಕೊಳ್ಳಿ. ಶೆಡ್ಯೂಲ್ ಚೆನ್ನಾಗಿ ಬರುವುದೂ ಕೆಡುವುದೂ ಈ ಕೋಷ್ಟಕದಿಂದ ಮತ್ತು ಮುಂದೆ ಹೇಳುವ ದಂಡದ ಲೆಕ್ಕದಿಂದ. ಅಲ್ಗಾರಿದಮ್ ಯಾವುದು ಎಂಬುದು ಆಮೇಲಿನ ಮಾತು.

ಎಲ್ಲ ಕ್ರಮಗಳನ್ನೂ ಕಂಪ್ಯೂಟರೇ ನೋಡಿಬಿಡಲಿ ಎನ್ನುವಂತಿಲ್ಲ. ಒಂದೇ ಮಷೀನ್, 10 ಆರ್ಡರ್ ಎಂದರೆ 36,28,800 ಕ್ರಮಗಳು, ಇಷ್ಟನ್ನು ನೋಡಬಹುದು. 20 ಆರ್ಡರ್ ಆದರೆ ಅದು 19 ಅಂಕಿಗಳ ಸಂಖ್ಯೆ. ಅದಕ್ಕೇ ಜೆನೆಟಿಕ್ ಅಲ್ಗಾರಿದಮ್. ಹಾಗೆಂದು ಎಲ್ಲದಕ್ಕೂ ಈ ದಾರಿ ಹಿಡಿಯಬೇಕಿಲ್ಲ. ಇರುವುದು ಎರಡೇ ಮಷೀನ್, ಎಲ್ಲ ಕೆಲಸವೂ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುತ್ತದೆ, ಸೆಟಪ್ ಕ್ರಮದ ಮೇಲೆ ನಿಂತಿಲ್ಲ, ಒಟ್ಟು ಬೇಗ ಮುಗಿದರೆ ಸಾಕು ಎಂದಾದರೆ 1954ರ ಜಾನ್ಸನ್ ನಿಯಮವೇ ಕಾಗದದ ಮೇಲೆ ಅತ್ಯುತ್ತಮ ಉತ್ತರ ಕೊಡುತ್ತದೆ.

ನಮ್ಮಂಥ ಕಡೆ ಆರ್ಡರ್ ಸಂಖ್ಯೆಗಳ ಒಂದು ಸಾಲನ್ನೇ ಕ್ರೋಮೋಸೋಮ್, ಅಂದರೆ ಗುಂಪಿನ ಒಂದು ಶೆಡ್ಯೂಲ್, ಎಂದುಕೊಳ್ಳಿ. ಸಾಲಿನ ಮೊದಲ ಆರ್ಡರ್ ತೆಗೆದು, ಅದರ ಮೌಲ್ಡ್ ಕೂರುವ ಮಷೀನ್‌ಗಳಲ್ಲಿ ಎಲ್ಲಿ ಬೇಗ ಮುಗಿಯುತ್ತದೋ ಅಲ್ಲಿಗೆ ಹಾಕಿ, ನಂತರ ಎರಡನೆಯದು, ಹೀಗೆ ಕೊನೆಯವರೆಗೆ. ಒಂದೇ ಮೌಲ್ಡ್ ಒಂದೇ ಹೊತ್ತಿಗೆ ಎರಡು ಮಷೀನ್‌ನಲ್ಲಿ ಇರಬಾರದು ಎಂಬಂಥ ಕಡ್ಡಾಯ ನಿಯಮಗಳನ್ನು ಈ ಹಂತದಲ್ಲೇ ಕಟ್ಟಿಬಿಡಿ. ರಾತ್ರಿ ಪಾಳಿಯಲ್ಲಿ ಸೆಟಪ್‌ಗೆ ಒಬ್ಬರೇ ಇದ್ದರೆ ಅದೂ ಇಲ್ಲೇ ಬರಬೇಕು: ಎರಡು ಮಷೀನ್ ಒಟ್ಟಿಗೆ ನಿಂತರೆ ಒಂದು ಕಾಯಲೇಬೇಕಲ್ಲ.

ಎರಡು ಸಾಲುಗಳನ್ನು ಬೆರೆಸುವಾಗ ಎಚ್ಚರ. ಅರ್ಧಕ್ಕೆ ಕತ್ತರಿಸಿ ಅಂಟಿಸಿದರೆ ಕೆಲವು ಆರ್ಡರ್ ಎರಡು ಸಲ ಬರುತ್ತವೆ, ಕೆಲವು ಕಳೆದೇ ಹೋಗುತ್ತವೆ. ಒಂದು ಸಾಲು 3 7 1 5 8 2 6 4, ಇನ್ನೊಂದು 5 2 8 4 1 6 3 7 ಎಂದಿಟ್ಟುಕೊಳ್ಳಿ. ಮೊದಲನೆಯದರ ನಡುವಿನ 1 5 8 ಅನ್ನು ಅದೇ ಜಾಗದಲ್ಲಿ ಉಳಿಸಿ, ಮಿಕ್ಕವನ್ನು ಎರಡನೆಯದರ ಕ್ರಮದಲ್ಲೇ ತುಂಬಿ. 2 4 1 5 8 6 3 7 ಸಿಗುತ್ತದೆ. ಯಾವುದೂ ತಪ್ಪಿಲ್ಲ, ಯಾವುದೂ ಮರುಕಳಿಸಿಲ್ಲ. ಮ್ಯುಟೇಶನ್‌ಗೆ (ಸಾಲಿನಲ್ಲಿ ಮಾಡುವ ಸಣ್ಣ ಬದಲಾವಣೆಗೆ) ಎರಡು ಆರ್ಡರ್ ಅದಲುಬದಲು ಮಾಡುವುದಕ್ಕಿಂತ ಒಂದನ್ನು ಕಿತ್ತು ಬೇರೆ ಕಡೆ ಸೇರಿಸುವುದೇ ನನಗೆ ಹಿಡಿಸಿದ್ದು, ಒಗ್ಗೂಡಿದ ಬಣ್ಣಗಳ ಗುಂಪು ಅಷ್ಟಾಗಿ ಒಡೆಯುವುದಿಲ್ಲ.

ನಿಮ್ಮ ಪೀಸುಗಳು ಮೌಲ್ಡಿಂಗ್, ಪ್ರಿಂಟಿಂಗ್, ಜೋಡಣೆ ಎಂದು ಹಲವು ಮಷೀನ್ ದಾಟುತ್ತಿದ್ದರೆ ಒಂದೊಂದು ಜಾಬ್‌ನ ಸಂಖ್ಯೆಯನ್ನು ಅದರ ಹಂತಗಳಷ್ಟು ಸಲ ಬರೆಯಿರಿ. ಮೂರನೇ ಸಲ ಬಂದ 4 ಎಂದರೆ ನಾಲ್ಕನೇ ಜಾಬ್‌ನ ಮೂರನೇ ಹಂತ. ಆಗ ಕೋಡ್ ಪರೀಕ್ಷಿಸಲು ಫಿಶರ್ ಮತ್ತು ಥಾಂಪ್ಸನ್ 1963ರಲ್ಲಿ ಕೊಟ್ಟ 10 ಜಾಬ್, 10 ಮಷೀನ್‌ನ ಲೆಕ್ಕ ಹಾಕಿ ನೋಡಿ. ಎಲ್ಲ ಜಾಬ್ ಮುಗಿಯಲು ಹಿಡಿಯುವ ಒಟ್ಟು ಸಮಯದಲ್ಲಿ ಅದರ ಅತ್ಯುತ್ತಮ ಉತ್ತರ 930. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲವೆಂದು ಸಾಬೀತಾದದ್ದು 1989ರಲ್ಲಿ. ನಿಮ್ಮ ಪ್ರೋಗ್ರಾಂ 930ಕ್ಕಿಂತ ಕಡಿಮೆ ತೋರಿಸಿದರೆ ಎಲ್ಲೋ ನಿಯಮ ಮುರಿದಿದೆ ಎಂದೇ ಅರ್ಥ.

ಇನ್ನು ದಂಡ. ತಡವಾದ ಗಂಟೆಗಳನ್ನು ಆರ್ಡರ್‌ನ ತೂಕದಿಂದ ಗುಣಿಸಿ, ಸೆಟಪ್ ಗಂಟೆಗಳನ್ನು ಕೂಡಿಸಿ. ಮೊತ್ತ ಕಡಿಮೆಯಾದಷ್ಟೂ ಶೆಡ್ಯೂಲ್ ಒಳ್ಳೆಯದು. ಸೆಟಪ್ ಒಂದನ್ನೇ ಅಳೆದರೆ ಪ್ರೋಗ್ರಾಂ ಕಪ್ಪು ಆರ್ಡರ್‌ಗಳನ್ನೆಲ್ಲ ವಾರದ ಕೊನೆಗೆ ತಳ್ಳಿ, ನಾಳೆ ಲಾರಿ ಹತ್ತಬೇಕಾದ್ದನ್ನೂ ಕಾಯಿಸುತ್ತದೆ. ತೂಕಗಳನ್ನು ನೀವೊಬ್ಬರೇ ಕೂತು ನಿರ್ಧರಿಸಬೇಡಿ. ಡಿಸ್ಪ್ಯಾಚ್‌ನವರನ್ನೂ ಪ್ರೊಡಕ್ಷನ್‌ನವರನ್ನೂ ಕೂರಿಸಿ, "ಈ ಆರ್ಡರ್ ಒಂದು ದಿನ ತಡವಾಗುವುದನ್ನು ತಪ್ಪಿಸಲು ಎಷ್ಟು ಗಂಟೆ ಸೆಟಪ್ ಕೊಡುತ್ತೀರಿ?" ಎಂದು ಕೇಳಿ. ಆ ಗಂಟೆಗಳನ್ನು 24ರಿಂದ ಭಾಗಿಸಿದರೆ ಬರುವುದೇ ತೂಕ.

ಉಳಿದ ಅಂಕಿಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. 100 ಸಾಲುಗಳ ಗುಂಪು, ಮೂರರಲ್ಲಿ ಒಳ್ಳೆಯದನ್ನು ಆರಿಸುವ ಟೂರ್ನಮೆಂಟ್, ಅತ್ಯುತ್ತಮ ಎರಡು ಹಾಗೇ ಮುಂದಿನ ತಲೆಮಾರಿಗೆ, ಇಲ್ಲಿಂದ ಶುರುಮಾಡಿ. ಮೊದಲ ಗುಂಪಿನಲ್ಲಿ ಗಡುವಿನ ಕ್ರಮದ ಸಾಲೊಂದನ್ನು ಸೇರಿಸಿ. ಅತ್ಯುತ್ತಮ ಸಾಲು ಉಳಿದುಕೊಳ್ಳುವುದರಿಂದ, ಫಲಿತಾಂಶ ನಿಮ್ಮದೇ ದಂಡದ ಲೆಕ್ಕದಲ್ಲಿ ಗಡುವಿನ ಕ್ರಮಕ್ಕಿಂತ ಕೆಟ್ಟದಾಗುವುದಿಲ್ಲ.

ಮಷೀನ್ ಕೆಟ್ಟರೆ ಸೊನ್ನೆಯಿಂದ ಶುರುಮಾಡಬೇಡಿ. ಮುಂದಿನ ಎಂಟು ಗಂಟೆಗಳ ಕೆಲಸವನ್ನು ಉಳಿದ ಮಷೀನ್‌ಗಳಲ್ಲಿ ಇದ್ದಂತೆಯೇ ಬಿಟ್ಟು, ಹಳೇ ಶೆಡ್ಯೂಲನ್ನೇ ಬೀಜವಾಗಿಟ್ಟು ಉಳಿದದ್ದನ್ನು ಮಾತ್ರ ಓಡಿಸಿ, ಏಕೆಂದರೆ ಆ ಹೊತ್ತಿಗೆ ಗ್ರ್ಯಾನ್ಯೂಲ್ (ಪ್ಲಾಸ್ಟಿಕ್ ಕಾಳು) ಡ್ರೈಯರ್‌ಗೆ ಬಿದ್ದಿರುತ್ತದೆ, ಮೌಲ್ಡ್ ಕ್ರೇನ್ ಬಳಿ ಬಂದಿರುತ್ತದೆ. ಬಂದ ಶೆಡ್ಯೂಲನ್ನು ಗ್ಯಾಂಟ್ ಚಾರ್ಟ್ (ಯಾವ ಮಷೀನ್‌ನಲ್ಲಿ ಯಾವ ಕೆಲಸ ಯಾವಾಗ ಎಂದು ಪಟ್ಟಿಗಳಲ್ಲಿ ತೋರಿಸುವ ಚಿತ್ರ) ಮಾಡಿ ಪಾಳಿಯ ಸೂಪರ್‌ವೈಸರ್ ಕೈಗೆ ಕೊಡಿ. "ಇದು ಆಗಲ್ಲ ಸಾರ್" ಎಂದು ಅವರು ಬೆರಳಿಟ್ಟ ಕಡೆ ಯಾವ ನಿಯಮ ಬಿಟ್ಟುಹೋಗಿದೆ ಎಂದು ಕೇಳಿ ಬರೆದುಕೊಳ್ಳಿ, ಕೋಡ್‌ಗೆ ಸೇರಿಸಿ, ಮತ್ತೆ ಓಡಿಸಿ.