ಬೆಳ್ಳಿ ಬಣ್ಣ ಹೊಳೆಯಬೇಕಾದರೆ ಕೆಳಗೆ ಕಪ್ಪು ಇರಲಿ
ಮಿಗ್-21 ಯುದ್ಧವಿಮಾನದಂಥ, ಬಣ್ಣ ಬಳಿಯದ ಬರಿಲೋಹದ ಮೈಯ ವಿಮಾನದ ಪುಟ್ಟ ಮಾಡೆಲ್‌ಗೆ ಮೊದಲು ಗ್ಲಾಸಿ ಕಪ್ಪು ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ಲ್ಯಾಕರ್ (ಥಿನ್ನರ್ ಆಧಾರಿತ, ಬೇಗ ಒಣಗುವ) ಮೆಟಾಲಿಕ್ ಬಣ್ಣವನ್ನು ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) 12–15 ಪಿಎಸ್‌ಐ ಒತ್ತಡದಲ್ಲಿ, ಎರಡು ಮೂರು ಇಂಚು ದೂರದಿಂದ, ಮಂಜು ಕೂತಷ್ಟು ತೆಳ್ಳಗೆ ಮೂರು ಸಲ ಹಾಯಿಸಿ. ಈ ಬಣ್ಣದಲ್ಲಿರುವ ಲೋಹದ ಪುಡಿ ತೀರಾ ಸಣ್ಣದು. ಕೆಳಗಿನ ಮೈ ಕನ್ನಡಿಯಂತಿದ್ದರೆ ಮಾತ್ರ ಚಪ್ಪಟೆಯಾಗಿ ಕೂತು ಬೆಳಕನ್ನು ಪ್ರತಿಫಲಿಸುತ್ತದೆ, ಕಪ್ಪು ಅದಕ್ಕೆ ಆಳ ಕೊಡುತ್ತದೆ. ಕಪ್ಪಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಬೆಳ್ಳಿಯಲ್ಲಿ ಎದ್ದು ಕಾಣುತ್ತದೆ, ಹಾಗಾಗಿ ಬೆಳ್ಳಿ ಹೊಡೆಯುವ ಮೊದಲೇ ಕಪ್ಪನ್ನು 2000 ನಂಬರ್ ವಾಟರ್ ಪೇಪರ್‌ನಲ್ಲಿ (ನಯವಾದ ಉಜ್ಜುಕಾಗದ) ತೀಡಿ ಪಾಲಿಷ್ ಮಾಡಿಬಿಡಿ. ಕಪ್ಪು ಎನಾಮೆಲ್ ಆದರೆ ಕನಿಷ್ಠ 48 ಗಂಟೆ ಬಿಡಿ. ಮೂಗಿನ ಹತ್ತಿರ ಹಿಡಿದಾಗ ಇನ್ನೂ ವಾಸನೆ ಬಂದರೆ ಒಣಗಿಲ್ಲ, ಮೇಲೆ ಹೊಡೆದರೆ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಮೈಸೂರಿನ ಆಷಾಢದ ಜಿಟಿಜಿಟಿ ಮಳೆಯಲ್ಲಂತೂ ಬೇಡವೇ ಬೇಡ: ತೇವಕ್ಕೆ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಒಳ್ಳೆ ಬಿಸಿಲಿರುವ ದಿನ ಹೊಡೆಯಿರಿ.